ಯೂರಿಕ್ ಆಸಿಡ್ ಸೌದೆ, ಅಲಂಟಾಯಿನ್ ಬೂದಿ

ಕಿಟಕಿ ಪಟ್ಟಿಯ ಮೇಲೆ ಬಿದ್ದಿರುವ ಹಲ್ಲಿ ಹಿಕ್ಕೆಯನ್ನು ಎಲ್ಲರೂ ನೋಡಿರುತ್ತೇವೆ. ಕಪ್ಪಗೆ ಸಣ್ಣ ಕಡ್ಡಿಯ ಹಾಗೆ ಇರುತ್ತದೆ, ತುದಿಯಲ್ಲಿ ಮಾತ್ರ ಬಿಳಿ. ಆ ಬಿಳಿ ಭಾಗ ಯೂರಿಕ್ ಆಸಿಡ್. ಕಾಗೆ, ಪಾರಿವಾಳ ಕಾರಿನ ಮೇಲೆ ಉದುರಿಸುವ ಬಿಳಿಯೂ ಬಹುಪಾಲು ಅದೇ. ನೀರು ಖರ್ಚು ಮಾಡದೆ ದೇಹದ ಕಸವನ್ನು ಹೊರಹಾಕಲು ಹಕ್ಕಿ, ಹಲ್ಲಿಗಳು ಕಂಡುಕೊಂಡ ದಾರಿ ಅದು. ಅದೇ ವಸ್ತು ನಮ್ಮ ರಕ್ತದಲ್ಲೂ ದಿನವಿಡೀ ಓಡಾಡುತ್ತಿದೆ. ಅದರ ಪ್ರಮಾಣ ತುಸು ಏರಿದರೆ ಲ್ಯಾಬ್ ರಿಪೋರ್ಟಿನಲ್ಲಿ ಕೆಂಪು ಅಕ್ಷರ ಕಾಣುತ್ತದೆ, ಮನೆಯವರೆಲ್ಲ ಗಾಬರಿಯಾಗುತ್ತಾರೆ.

ಹೋದ ವರ್ಷ ಹಾಸನದಲ್ಲಿರುವ ನನ್ನ ಚಿಕ್ಕಮ್ಮ ಒಂದು ಹೆಲ್ತ್ ಪ್ಯಾಕೇಜ್ ಮಾಡಿಸಿದರು. ಯೂರಿಕ್ ಆಸಿಡ್ 7.1 ಬಂತು. ಹೆಂಗಸರಿಗೆ ಸುಮಾರು 6ರ ಒಳಗೆ ಇರಬೇಕು ಅಂತ ಪಕ್ಕದಲ್ಲೇ ಬರೆದಿತ್ತು. ಮರುದಿನ ಫೋನ್ ಬಂತು. "ಮೇಡಂ, ನಿಮಗೆ ಆಕ್ಸಿಡೇಟಿವ್ ಸ್ಟ್ರೆಸ್ ಜಾಸ್ತಿ ಇದೆ, ಯೂರಿಕ್ ಆಸಿಡ್ ನೋಡಿದರೇ ಗೊತ್ತಾಗುತ್ತೆ" ಎಂದರಂತೆ. ಜೊತೆಗೆ ಇನ್ನೊಂದು ಟೆಸ್ಟ್, ಒಂದು ಡಬ್ಬಿ ಆಂಟಿಆಕ್ಸಿಡೆಂಟ್ ಕ್ಯಾಪ್ಸೂಲ್. ಚಿಕ್ಕಮ್ಮ ಎರಡಕ್ಕೂ ಹಣ ಕಟ್ಟಿದರು. ತೊಗರಿಬೇಳೆಯನ್ನೂ ಬಿಟ್ಟರು.

ಫೋನಿನಲ್ಲಿ ಹೇಳಿದ ಆ ಒಂದು ವಾಕ್ಯ ನನ್ನನ್ನು ತುಂಬಾ ಕಾಡಿತು. ಯಾಕೆಂದರೆ ಯೂರಿಕ್ ಆಸಿಡ್‌ಗೂ ಆಕ್ಸಿಡೇಟಿವ್ ಸ್ಟ್ರೆಸ್‌ಗೂ ಸಂಬಂಧ ಇರುವುದು ನಿಜ. ಆದರೆ ಆ ಸಂಬಂಧ ಅವರು ಹೇಳಿದ ಹಾಗೆ ಇಲ್ಲ.

ಮೊದಲಿನಿಂದ ನೋಡೋಣ. ನಮ್ಮ ಡಿಎನ್‌ಎ, ಆರ್‌ಎನ್‌ಎಗಳಲ್ಲಿ ಪ್ಯೂರಿನ್ ಎಂಬ ಭಾಗಗಳಿವೆ. ಜೀವಕೋಶಕ್ಕೆ ಶಕ್ತಿ ಕೊಡುವ ಎಟಿಪಿಯಲ್ಲೂ ಪ್ಯೂರಿನ್ ಇದೆ. ಹಳೆಯದಾದವು ಒಡೆದಾಗ ಕೊನೆಗೆ ಉಳಿಯುವುದು ಯೂರಿಕ್ ಆಸಿಡ್. ಸ್ವೀಡನ್ನಿನ ರಸಾಯನ ವಿಜ್ಞಾನಿ ಶೀಲೆ 1776ರಲ್ಲಿ ಇದನ್ನು ಮೂತ್ರಕೋಶದ ಕಲ್ಲಿನಿಂದ ಬೇರ್ಪಡಿಸಿದ. ಅದರಲ್ಲಿ ಮೂರರಲ್ಲಿ ಎರಡು ಪಾಲು ಕಿಡ್ನಿಯ ಮೂಲಕ ಹೊರಗೆ ಹೋಗುತ್ತದೆ. ಉಳಿದದ್ದು ಕರುಳಿಗೆ ಇಳಿದು, ಅಲ್ಲಿಯ ಬ್ಯಾಕ್ಟೀರಿಯಾಗಳ ಪಾಲಾಗುತ್ತದೆ.

ಹಸು, ನಾಯಿ, ಇಲಿಗಳ ದೇಹ ಇಲ್ಲಿಗೆ ನಿಲ್ಲುವುದಿಲ್ಲ. ಅವುಗಳ ಲಿವರಿನಲ್ಲಿ ಯೂರಿಕೇಸ್ ಎಂಬ ಎನ್‌ಜೈಮ್ ಇದೆ. ಅದು ಯೂರಿಕ್ ಆಸಿಡ್ಡನ್ನು ಆಕ್ಸಿಡೇಶನ್‌ಗೆ ಒಳಪಡಿಸಿ, ನೀರಿನಲ್ಲಿ ಸಲೀಸಾಗಿ ಕರಗುವ ಅಲಂಟಾಯಿನ್ ಆಗುವ ದಾರಿಗೆ ಹಚ್ಚುತ್ತದೆ. ನಮ್ಮಲ್ಲಿ ಆ ಎನ್‌ಜೈಮ್ ಇಲ್ಲ. ಅದರ ಜೀನ್ ಇದೆ, ಆದರೆ ಮುರಿದುಬಿದ್ದಿದೆ. ಮಧ್ಯದಲ್ಲಿ 'ಇಲ್ಲಿಗೆ ನಿಲ್ಲಿಸು' ಎನ್ನುವ ತಪ್ಪು ಸಂದೇಶಗಳು ಸೇರಿಕೊಂಡಿವೆ ಎಂದು 1989ರಲ್ಲೇ ಗೊತ್ತಾಯಿತು. ಚಿಂಪಾಂಜಿ, ಗೊರಿಲ್ಲಾಗಳಿಗೂ ಇದೇ ಸ್ಥಿತಿ. ಕೋಟ್ಯಂತರ ವರ್ಷಗಳ ಹಿಂದೆ ನಮ್ಮೆಲ್ಲರ ಪೂರ್ವಜರಲ್ಲಿ ಆದ ಬದಲಾವಣೆ ಇದು. ಕೋತಿಗಳಲ್ಲಿ ಯೂರಿಕೇಸ್ ಇನ್ನೂ ಉಳಿದಿದೆ. ಹಾಗಾಗಿ ಬಹುತೇಕ ಸಸ್ತನಿಗಳ ರಕ್ತದಲ್ಲಿ ಡೆಸಿಲೀಟರಿಗೆ ಒಂದು ಮಿಲಿಗ್ರಾಂ ಆಸುಪಾಸು ಯೂರಿಕ್ ಆಸಿಡ್ ಇದ್ದರೆ, ನಮ್ಮಲ್ಲಿ ನಾಲ್ಕೈದು, ಆರು ಮಿಲಿಗ್ರಾಂ ಇರುತ್ತದೆ. ಸುಮಾರು 6.8 ದಾಟಿದರೆ ಹರಳುಗಟ್ಟಲು ಶುರುವಾಗಬಹುದು. ಹೆಬ್ಬೆರಳಿನ ಕೀಲಿನಲ್ಲಿ ರಾತ್ರೋರಾತ್ರಿ ಊತ, ಬೆಂಕಿಯಂಥ ನೋವು ಬರುವ ಗೌಟ್ ಕಾಯಿಲೆಗೆ ಕಾರಣ ಈ ಹರಳುಗಳೇ.

ಇಷ್ಟು ತೊಂದರೆ ಕೊಡುವ ವಸ್ತುವನ್ನು ದೇಹ ಯಾಕೆ ಇಟ್ಟುಕೊಂಡಿದೆ? ಕಿಡ್ನಿ ಸೋಸಿದ ಯೂರಿಕ್ ಆಸಿಡ್‌ನಲ್ಲಿ ನೂರಕ್ಕೆ ಸುಮಾರು ತೊಂಬತ್ತು ಪಾಲನ್ನು ವಾಪಸ್ ರಕ್ತಕ್ಕೇ ಸೇರಿಸುತ್ತದೆ. ಕಸವಾಗಿದ್ದರೆ ಹಾಗೆ ಯಾರಾದರೂ ಒಳಗೆ ತಂದುಕೊಳ್ಳುತ್ತಾರೆಯೇ? 1981ರಲ್ಲಿ ಅಮೆರಿಕದ ಬರ್ಕ್ಲಿಯಲ್ಲಿದ್ದ ಬ್ರೂಸ್ ಏಮ್ಸ್ ಮತ್ತು ಸಂಗಡಿಗರು ಇದಕ್ಕೊಂದು ಊಹೆ ಮುಂದಿಟ್ಟರು. ಯೂರಿಕ್ ಆಸಿಡ್ ನಮ್ಮ ರಕ್ತದ ದೊಡ್ಡ ಆಂಟಿಆಕ್ಸಿಡೆಂಟ್, ಫ್ರೀ ರ್ಯಾಡಿಕಲ್‌ಗಳು ಬೇರೆಯದಕ್ಕೆ ಹಾನಿ ಮಾಡುವ ಮುಂಚೆ ತಾನೇ ಅವುಗಳಿಗೆ ಬಲಿಯಾಗಿ ತಡೆಯುತ್ತದೆ ಎಂದರು.

ಫ್ರೀ ರ್ಯಾಡಿಕಲ್ ಎಂದರೆ ತನ್ನ ಒಂದು ಎಲೆಕ್ಟ್ರಾನಿಗೆ ಜೊತೆ ಇಲ್ಲದೆ ಚಡಪಡಿಸುವ ಅಣು. ಸಿಕ್ಕಿದ್ದರಿಂದ ಎಲೆಕ್ಟ್ರಾನ್ ಕಿತ್ತುಕೊಳ್ಳುತ್ತದೆ. ಹೀಗೆ ಕಿತ್ತುಕೊಳ್ಳುವುದನ್ನೇ ಆಕ್ಸಿಡೇಶನ್ ಎನ್ನುತ್ತೇವೆ. ಇವು ಹುಟ್ಟುವ ವೇಗ ಜಾಸ್ತಿಯಾಗಿ ತಡೆಯುವ ಶಕ್ತಿ ಸಾಲದೇ ಹೋದರೆ, ಆ ಏರುಪೇರಿಗೆ ಆಕ್ಸಿಡೇಟಿವ್ ಸ್ಟ್ರೆಸ್ ಎಂದು ಹೆಸರು. ಜರ್ಮನಿಯ ಹೆಲ್ಮುಟ್ ಸೀಸ್ 1985ರಲ್ಲಿ ಈ ಮಾತನ್ನು ಬಳಕೆಗೆ ತಂದರು. ಈ ರ್ಯಾಡಿಕಲ್‌ಗಳು ಕಣ್ಣು ಮಿಟುಕಿಸುವಷ್ಟರಲ್ಲಿ ಹುಟ್ಟಿ ಸಾಯುತ್ತವೆ. ರಕ್ತ ತೆಗೆದು ನೇರವಾಗಿ ಎಣಿಸಲು ಆಗುವುದಿಲ್ಲ. ಅವು ಬಿಟ್ಟುಹೋದ ಕುರುಹನ್ನು ಹುಡುಕಬೇಕು.

ಯೂರಿಕ್ ಆಸಿಡ್ ಇಲ್ಲಿ ಬಹಳ ಚೆಂದದ ಒಂದು ಅವಕಾಶ ಕೊಡುತ್ತದೆ. ನಮ್ಮಲ್ಲಿ ಯೂರಿಕೇಸ್ ಇಲ್ಲ. ಆದರೂ ನಮ್ಮ ರಕ್ತದಲ್ಲಿ ಸ್ವಲ್ಪ ಅಲಂಟಾಯಿನ್ ಸಿಗುತ್ತದೆ. ಎನ್‌ಜೈಮ್ ಇಲ್ಲದ ಮೇಲೆ ಅದನ್ನು ಮಾಡಿದ್ದು ಯಾರು? ರ್ಯಾಡಿಕಲ್‌ಗಳು, ಅವುಗಳ ಸಂಬಂಧಿಗಳು. ಎನ್‌ಜೈಮ್ ಇಲ್ಲದೆಯೂ ಇದು ಆಗುತ್ತದೆ ಎಂಬುದು ಹಳೆಯ ವಿಷಯ. 1838ರಲ್ಲೇ ಜರ್ಮನಿಯ ವೋಲರ್ ಮತ್ತು ಲೀಬಿಗ್ ಯೂರಿಕ್ ಆಸಿಡ್ ಜೊತೆ ಲೆಡ್ ಡೈಆಕ್ಸೈಡ್ ಸೇರಿಸಿ, ಅಲಂಟಾಯಿನ್ ಮಾಡಿ ತೋರಿಸಿದ್ದರು. ಬರೀ ರಾಸಾಯನಿಕ ಆಕ್ಸಿಡೇಶನ್ ಅದು.

ನಾನಿದನ್ನು ಒಲೆಯ ಲೆಕ್ಕದಲ್ಲಿ ನೋಡುತ್ತೇನೆ. ಯೂರಿಕ್ ಆಸಿಡ್ ಸೌದೆ. ರ್ಯಾಡಿಕಲ್ ಬೆಂಕಿ. ಅಲಂಟಾಯಿನ್ ಬೂದಿ. ಕೊಟ್ಟಿಗೆ ಪಕ್ಕ ಎಷ್ಟು ಸೌದೆ ಒಟ್ಟಿದ್ದಾರೆ ಅಂತ ನೋಡಿ ಒಲೆ ಎಷ್ಟು ಉರಿಯಿತು ಎಂದು ಹೇಳಲಾಗದು. ಸೌದೆ ಜಾಸ್ತಿ ಇದ್ದರೆ ಜಾಸ್ತಿ ಉರಿಸಲು ತಂದದ್ದಿರಬಹುದು, ಉರಿಸದೆ ಉಳಿದದ್ದೂ ಇರಬಹುದು. ಉರಿದ ಲೆಕ್ಕ ಬೇಕಾದರೆ ಬೂದಿ ನೋಡಬೇಕು. ಚಿಕ್ಕಮ್ಮನಿಗೆ ಫೋನ್ ಮಾಡಿದವರು ಸೌದೆ ಎಣಿಸಿ ಬೆಂಕಿಯ ಲೆಕ್ಕ ಹೇಳಿದ್ದರು.

ಅಷ್ಟೇ ಅಲ್ಲ, ಸೌದೆಯ ಲೆಕ್ಕವೇ ಗೋಜಲು. ಯೂರಿಕ್ ಆಸಿಡ್ ತಯಾರು ಮಾಡುವ ಕ್ಸಾಂಥೀನ್ ಆಕ್ಸಿಡೇಸ್ ಎಂಬ ಎನ್‌ಜೈಮ್, ಆ ಕೆಲಸ ಮಾಡುತ್ತಲೇ ಸೂಪರಾಕ್ಸೈಡ್ ಎಂಬ ರ್ಯಾಡಿಕಲ್, ಅದರ ಸಂಬಂಧಿ ಹೈಡ್ರೋಜನ್ ಪೆರಾಕ್ಸೈಡ್‌ಗಳನ್ನೂ ಹೊರಬಿಡುತ್ತದೆ. ಅಂದರೆ ಒಂದೇ ಕೈ ಬೆಂಕಿಕಡ್ಡಿಯನ್ನೂ ಗೀರುತ್ತದೆ, ಬೆಂಕಿಗೆ ಅಡ್ಡ ನಿಲ್ಲುವ ಸೌದೆಯನ್ನೂ ತಂದಿಡುತ್ತದೆ. ರಕ್ತದಲ್ಲಿ ಯೂರಿಕ್ ಆಸಿಡ್ ಏರಿದ್ದು ಕಂಡರೆ ಅದು ಒಳ್ಳೆಯದೋ ಕೆಟ್ಟದ್ದೋ ಎಂದು ಆ ಒಂದು ಅಂಕಿ ನೋಡಿ ಹೇಳಲು ಯಾರಿಂದಲೂ ಆಗದು.

ಬೂದಿ ಅಳೆಯುವ ಪ್ರಯತ್ನಕ್ಕೆ ಬರೋಣ. 1987ರಲ್ಲಿ ಇಂಗ್ಲೆಂಡಿನ ಗ್ರೂಟ್‌ವೆಲ್ಡ್ ಮತ್ತು ಹ್ಯಾಲಿವೆಲ್ ಮನುಷ್ಯರ ರಕ್ತ ಮತ್ತು ಕೀಲಿನ ದ್ರವದಲ್ಲಿ ಅಲಂಟಾಯಿನ್, ಯೂರಿಕ್ ಆಸಿಡ್ ಎರಡನ್ನೂ ಅಳೆದು ನೋಡಿದರು. ರುಮಟಾಯ್ಡ್ ಸಂಧಿವಾತ ಇದ್ದವರಲ್ಲಿ ಅಲಂಟಾಯಿನ್ ಹೆಚ್ಚಿತ್ತು. ಕೀಲಿನಲ್ಲಿ ಉರಿಯೂತ ಇದ್ದ ಕಡೆ ರ್ಯಾಡಿಕಲ್ ಜಾಸ್ತಿ, ಅಲ್ಲಿ ಬೂದಿಯೂ ಜಾಸ್ತಿ. ಇದು ರ್ಯಾಡಿಕಲ್‌ಗಳ ಅಳತೆಗೋಲು ಆಗಬಹುದೇ ಎಂದು ಅವರು ಕೇಳಿದರು. ಆ ಪ್ರಬಂಧದ ಶೀರ್ಷಿಕೆ ಮುಗಿಯುವುದೇ ಒಂದು ಪ್ರಶ್ನಾರ್ಥಕ ಚಿಹ್ನೆಯಲ್ಲಿ. ನನಗೆ ಅದು ಬಹಳ ಇಷ್ಟ. ಮಾರುಕಟ್ಟೆಗೆ ಬರುವಷ್ಟರಲ್ಲಿ ಇಂಥ ಚಿಹ್ನೆಗಳೇ ಮೊದಲು ಉದುರಿಹೋಗುತ್ತವೆ.

1997ರಲ್ಲಿ ಡೆನ್ಮಾರ್ಕಿನ ವಿಜ್ಞಾನಿಗಳು ಪ್ರಕಟಿಸಿದ ಇನ್ನೊಂದು ಕೆಲಸವೂ ಇಲ್ಲಿ ಮುಖ್ಯ. ಆರೋಗ್ಯವಂತ ಗಂಡಸರಿಂದ ಸುಸ್ತಾಗುವವರೆಗೂ ಸೈಕಲ್ ತುಳಿಸಿದರು. ಮೊದಲು, ಆಮೇಲೆ, ತೊಡೆಯ ಸ್ನಾಯುವಿನ ಚೂರು ತೆಗೆದು ನೋಡಿದರು. ಸ್ನಾಯುವಿನೊಳಗೆ ಯೂರಿಕ್ ಆಸಿಡ್ ಇಳಿದಿತ್ತು, ಅಲಂಟಾಯಿನ್ ಏರಿತ್ತು. ಸ್ವಲ್ಪ ಹೊತ್ತು ಬಿಟ್ಟು ನೋಡಿದಾಗ ಮತ್ತೆ ಮೊದಲಿನ ಸ್ಥಿತಿಯತ್ತ ಬಂದಿತ್ತು. ಯೂರಿಕ್ ಆಸಿಡ್ ನಿಜಕ್ಕೂ ಮನುಷ್ಯನ ದೇಹದೊಳಗೇ ರ್ಯಾಡಿಕಲ್‌ಗೆ ಬಲಿಯಾಗುತ್ತದೆ ಎನ್ನಲು ಇದಕ್ಕಿಂತ ನೇರವಾದ ಸಾಕ್ಷಿ ಬೇಕಿಲ್ಲ.

ಜೊತೆಗೆ ಇನ್ನೊಂದು ವಿಷಯ ಗಮನಿಸಿ. ಸೈಕಲ್ ತುಳಿದರೆ ಈ ಕುರುಹು ಏರುತ್ತದೆ. ಹಾಗಂತ ಸೈಕಲ್ ತುಳಿಯುವುದು ಕೆಟ್ಟದ್ದೇ? ಅಲ್ಲ. ವ್ಯಾಯಾಮದ ಹೊತ್ತಿನಲ್ಲಿ ಹುಟ್ಟುವ ಆ ರ್ಯಾಡಿಕಲ್‌ಗಳೇ ದೇಹಕ್ಕೆ 'ಗಟ್ಟಿಯಾಗು' ಎಂದು ಹೇಳುವ ಸಂದೇಶ. 2009ರಲ್ಲಿ ಜರ್ಮನಿಯ ಒಂದು ಅಧ್ಯಯನದಲ್ಲಿ ವ್ಯಾಯಾಮದ ಜೊತೆ ವಿಟಮಿನ್ ಸಿ, ಇ ಮಾತ್ರೆ ನುಂಗಿದವರಿಗೆ ವ್ಯಾಯಾಮದಿಂದ ಇನ್ಸುಲಿನ್ ವಿಷಯದಲ್ಲಿ ಸಿಗಬೇಕಾದ ಲಾಭ ಸಿಗಲಿಲ್ಲ. ಮಾತ್ರೆ ನುಂಗದವರಿಗೆ ಸಿಕ್ಕಿತು. ಆದ್ದರಿಂದ ಕುರುಹು ಒಂದು ಸಲ ಏರಿದ್ದು ಕಂಡ ಕೂಡಲೇ ಅದನ್ನು ಇಳಿಸಲು ಓಡಬೇಕಾಗಿಲ್ಲ. ಇಳಿಯದೆ ಅಲ್ಲೇ ನಿಂತಿದೆಯೇ ಎನ್ನುವುದು ಬೇರೆ ಪ್ರಶ್ನೆ.

ಇಷ್ಟು ಒಳ್ಳೆಯ ಕುರುಹಾದರೆ ಊರೂರಿನ ಲ್ಯಾಬಿನಲ್ಲಿ ಅಲಂಟಾಯಿನ್ ಟೆಸ್ಟ್ ಯಾಕಿಲ್ಲ? ಕಾರಣಗಳು ಹಲವು. ರಕ್ತದಲ್ಲಿ ಅದು ಇರುವುದೇ ತೀರಾ ಕಡಿಮೆ, ಯೂರಿಕ್ ಆಸಿಡ್‌ನ ನೂರರಲ್ಲಿ ಒಂದು ಪಾಲಿನ ಆಸುಪಾಸು. ರಕ್ತ ತೆಗೆದ ಮೇಲೆ ಟ್ಯೂಬಿನೊಳಗೇ ಯೂರಿಕ್ ಆಸಿಡ್ ಒಂಚೂರು ಆಕ್ಸಿಡೈಸ್ ಆದರೂ ಅಲಂಟಾಯಿನ್ ಲೆಕ್ಕ ತಲೆಕೆಳಗಾಗುತ್ತದೆ. ಹಳೆಯ ವಿಧಾನದಲ್ಲಿ ಅಲಂಟಾಯಿನ್ ಅನ್ನು ಮೊದಲು ಕ್ಷಾರದಲ್ಲಿ, ಆಮೇಲೆ ಆಮ್ಲದಲ್ಲಿ ಕಾಯಿಸಿ ಒಡೆದು, ಹುಟ್ಟುವ ಕೆಂಪು ಬಣ್ಣವನ್ನು ಅಳೆಯುತ್ತಿದ್ದರು. ಬೇರೆ ವಸ್ತುಗಳೂ ನಡುವೆ ಬಂದು ಬಣ್ಣ ಕೊಡಬಹುದಿತ್ತು. ಈಗ ಮಾಸ್ ಸ್ಪೆಕ್ಟ್ರೋಮೀಟರ್ ಬಳಸುತ್ತಾರೆ. ಅದು ಕೋಟಿ ರೂಪಾಯಿಯ ಮಾತು, ತಾಲ್ಲೂಕು ಲ್ಯಾಬಿಗೆ ಎಟುಕುವುದಿಲ್ಲ.

ಬೂದಿ ಪಕ್ಕದ ಮನೆಯಿಂದಲೂ ಹಾರಿ ಬರಬಹುದು. ಸೋಯಾ, ಅಲಸಂದೆ ಗಿಡಗಳ ಬೇರಿನ ಗಂಟುಗಳಲ್ಲಿ ಹಿಡಿದಿಟ್ಟ ಸಾರಜನಕ ಮೇಲಕ್ಕೆ ಸಾಗುವುದೇ ಅಲಂಟಾಯಿನ್ ಮತ್ತು ಅದರ ಸಂಬಂಧಿ ವಸ್ತುವಿನ ರೂಪದಲ್ಲಿ. ಹಸುವಿನ ಹಾಲಿನಲ್ಲೂ ಅಲಂಟಾಯಿನ್ ಇದೆ. ತಿಂದದ್ದು, ಕುಡಿದದ್ದು ಲೆಕ್ಕಕ್ಕೆ ಬಂದುಬಿಡಬಹುದು, ಮೂತ್ರದಲ್ಲಿ ಅಳೆಯುವಾಗಲಂತೂ ಇನ್ನೂ ಎಚ್ಚರ ಬೇಕು. ಹಸುವಿನಲ್ಲಿ ಇದರ ಅರ್ಥವೇ ಬೇರೆ ಎಂಬುದೂ ಸ್ವಾರಸ್ಯ. ಅದರ ಮೂತ್ರದ ಅಲಂಟಾಯಿನ್ ಅಳೆದು, ಮೆಲುಕು ಹಾಕುವ ಹೊಟ್ಟೆಯಲ್ಲಿ ಸೂಕ್ಷ್ಮಜೀವಿಗಳು ಎಷ್ಟು ಚೆನ್ನಾಗಿ ಬೆಳೆದಿವೆ, ಮೇವು ಎಷ್ಟು ಹಿಡಿಸಿದೆ ಎಂದು ಪಶು ಆಹಾರ ವಿಜ್ಞಾನಿಗಳು ಲೆಕ್ಕ ಹಾಕುತ್ತಾರೆ. ಯೂರಿಕೇಸ್ ಇರುವ ಇಲಿಯ ಮೇಲೆ ಮಾಡಿದ ಪ್ರಯೋಗದ ಅಲಂಟಾಯಿನ್ ಅಂಕಿಯನ್ನು ಮನುಷ್ಯನಿಗೆ ಹೊಂದಿಸಿ ಮಾತಾಡುವುದು ಅದಕ್ಕೇ ತಪ್ಪು.

ಇನ್ನು ಕಿಡ್ನಿ. ಅದು ಸರಿಯಾಗಿ ಸೋಸದೇ ಇದ್ದರೆ ಬೂದಿ ಹೊರಗೆ ಹೋಗದೆ ಕಟ್ಟಿಕೊಳ್ಳುತ್ತದೆ. ಡಯಾಲಿಸಿಸ್‌ನಲ್ಲಿರುವವರ ರಕ್ತದಲ್ಲಿ ಅಲಂಟಾಯಿನ್ ಜಾಸ್ತಿ ಇದ್ದರೆ ಅದು ಬೆಂಕಿ ಜಾಸ್ತಿಯಾದದ್ದೋ, ಚರಂಡಿ ಕಟ್ಟಿದ್ದೋ? ಎರಡೂ ಇರಬಹುದು. ಬಿಡಿಸಿ ಹೇಳಲು ಕಷ್ಟ. ಅಲಂಟಾಯಿನ್ ಒಂದನ್ನೇ ನೋಡದೆ, ಅದಕ್ಕೂ ಯೂರಿಕ್ ಆಸಿಡ್‌ಗೂ ಇರುವ ಅನುಪಾತ ನೋಡುವುದು ಸ್ವಲ್ಪ ವಾಸಿ. ಸಂಶೋಧಕರು ಮಾಡುವುದೂ ಅದನ್ನೇ.

ಅಲಂಟಾಯಿನ್ ಒಂದೇ ಬೂದಿಯೂ ಅಲ್ಲ. ಯೂರಿಕ್ ಆಸಿಡ್‌ಗೆ ಯಾವುದು ತಗುಲಿತು ಎನ್ನುವುದರ ಮೇಲೆ ಕೊನೆಗೆ ಸಿಗುವ ವಸ್ತು ಬದಲಾಗುತ್ತದೆ. ಪೆರಾಕ್ಸಿನೈಟ್ರೈಟ್ ತಗುಲಿದರೆ ಟ್ರೈಯುರೆಟ್ ಹುಟ್ಟಬಹುದು. ಸಿಂಗ್ಲೆಟ್ ಆಕ್ಸಿಜನ್ ತಗುಲಿದರೆ ಪ್ಯಾರಬಾನಿಕ್ ಆಸಿಡ್. ನೈಟ್ರಿಕ್ ಆಕ್ಸೈಡ್ ಜೊತೆ ಸೇರಿದರೆ ಅಮಿನೋಯುರಾಸಿಲ್. ಹುಣಸೆ ಸೌದೆಯ ಬೂದಿಗೂ ತೆಂಗಿನ ಚಿಪ್ಪಿನ ಬೂದಿಗೂ ವ್ಯತ್ಯಾಸ ಗೊತ್ತಾಗುವ ಹಾಗೆ, ಯಾವ ಬಗೆಯ ರ್ಯಾಡಿಕಲ್ ದಾಳಿ ಮಾಡಿತು ಎಂಬುದನ್ನೂ ಇವುಗಳಿಂದ ಓದಬಹುದು ಎಂಬ ಆಸೆ ಈ ಕ್ಷೇತ್ರದವರಿಗಿದೆ. ನನಗೂ ಇದೆ. ಆದರೆ ಇದೆಲ್ಲ ಇನ್ನೂ ಸಂಶೋಧನೆಯ ಬೆಂಚಿನ ಮೇಲಿದೆ.

ಬೇರೆ ಕುರುಹುಗಳ ಪಾಡೂ ಸುಲಭದ್ದಲ್ಲ. ಕೊಬ್ಬು ಆಕ್ಸಿಡೈಸ್ ಆದಾಗ ಬರುವ ಎಂಡಿಎ ಎಂಬ ವಸ್ತುವನ್ನು ಅಳೆಯಲು ಬಹಳ ಕಾಲದಿಂದ ಒಂದು ಗುಲಾಬಿ ಬಣ್ಣದ ಟೆಸ್ಟ್ ಇದೆ. ಅಗ್ಗ, ಸುಲಭ. ಆದರೆ ಸಕ್ಕರೆಯಂಥ ಬೇರೆ ವಸ್ತುಗಳಿಂದಲೂ ಬಣ್ಣ ಬರುತ್ತದೆ. 1990ರಲ್ಲಿ ಅಮೆರಿಕದ ವಾಂಡರ್‌ಬಿಲ್ಟ್‌ನಲ್ಲಿ ಪತ್ತೆಯಾದ ಐಸೊಪ್ರೋಸ್ಟೇನ್‌ಗಳು ಅದಕ್ಕಿಂತ ಎಷ್ಟೋ ನಂಬಿಕೆಯ ಕುರುಹು. ಡಿಎನ್‌ಎಗೆ ಪೆಟ್ಟು ಬಿದ್ದಾಗ ಬರುವ 8-ಒಎಚ್‌ಡಿಜಿ ಎಂಬುದನ್ನೂ ಮೂತ್ರದಲ್ಲಿ ಅಳೆಯುತ್ತಾರೆ. ಯಾವುದನ್ನು ಹೇಗೆ ಅಳೆಯಬೇಕು, ಯಾವುದನ್ನು ನಂಬಬಾರದು ಎಂದು ಈ ಕ್ಷೇತ್ರದ ಹಿರಿಯರೆಲ್ಲ ಸೇರಿ 2022ರಲ್ಲಿ ಒಂದು ಮಾರ್ಗಸೂಚಿಯನ್ನೇ ಪ್ರಕಟಿಸಬೇಕಾಯಿತು.

ಚಿಕ್ಕಮ್ಮ ಮಾಡಿಸಿದ ಎರಡನೇ ಟೆಸ್ಟ್ ಇವ್ಯಾವುದೂ ಅಲ್ಲ. ಅದರ ಹೆಸರು 'ಟೋಟಲ್ ಆಂಟಿಆಕ್ಸಿಡೆಂಟ್ ಕೆಪಾಸಿಟಿ'. ಕೇಳಲು ಭಾರಿ ಹೆಸರು. ಸೀರಂಗೆ, ಅಂದರೆ ರಕ್ತ ಹೆಪ್ಪುಗಟ್ಟಿದ ಮೇಲೆ ಉಳಿಯುವ ತಿಳಿ ದ್ರವಕ್ಕೆ, ಒಂದು ಬಣ್ಣದ ದ್ರಾವಣ ಹಾಕುತ್ತಾರೆ. ಸೀರಂ ಎಷ್ಟು ಎಲೆಕ್ಟ್ರಾನ್ ಕೊಡಬಲ್ಲದು ಎಂಬುದು ಬಣ್ಣದ ಬದಲಾವಣೆಯಲ್ಲಿ ತಿಳಿಯುತ್ತದೆ. ಇಂಥದ್ದರಲ್ಲಿ ಹೆಸರಾದ ಫ್ರಾಪ್ ಎಂಬ ವಿಧಾನ 1996ರಲ್ಲಿ ಬಂತು. ಅದರಲ್ಲಿ ಸಿಗುವ ಅಂಕಿಯಲ್ಲಿ ನೂರಕ್ಕೆ ಸುಮಾರು ಅರವತ್ತು ಪಾಲು ಬರುವುದು ಎಲ್ಲಿಂದ ಗೊತ್ತೇ? ಯೂರಿಕ್ ಆಸಿಡ್‌ನಿಂದ! ಕಿಡ್ನಿ ಕೆಟ್ಟು ಯೂರಿಕ್ ಆಸಿಡ್ ಕಟ್ಟಿಕೊಂಡ ರೋಗಿಗೆ ಈ ಟೆಸ್ಟಿನಲ್ಲಿ ಒಳ್ಳೆಯ ಅಂಕ ಬರಬಹುದು. ಚಿಕ್ಕಮ್ಮನಿಗೂ ಒಳ್ಳೆಯ ಅಂಕವೇ ಬಂತು. ಮೊದಲ ರಿಪೋರ್ಟ್ ಯೂರಿಕ್ ಆಸಿಡ್ ಜಾಸ್ತಿ ಎಂದು ಹೆದರಿಸಿತ್ತು. ಎರಡನೆಯದು ಬಹುಪಾಲು ಅದೇ ಯೂರಿಕ್ ಆಸಿಡ್ಡನ್ನು ಅಳೆದು ಸಮಾಧಾನ ಹೇಳಿತು. ಎರಡಕ್ಕೂ ಅವರು ದುಡ್ಡು ಕೊಟ್ಟಿದ್ದರು. ವಯಸ್ಸಾದವರ ಭಯದ ಮೇಲೆ ಹೀಗೆ ವ್ಯಾಪಾರ ನಡೆಯುವುದನ್ನು ನೋಡಿದಾಗ ನನಗೆ ಸಂಕಟವಾಗುತ್ತದೆ.

ಸೇಬಿನ ಕಥೆ ಇದಕ್ಕೆ ಇನ್ನೂ ಒಳ್ಳೆಯ ಸಾಕ್ಷಿ. ಸೇಬು ತಿಂದರೆ ರಕ್ತದ ಆಂಟಿಆಕ್ಸಿಡೆಂಟ್ ಶಕ್ತಿ ಏರುತ್ತದೆ ಎಂದು ತೋರಿಸುವುದು ಸುಲಭ. ಟೆಸ್ಟ್ ಮಾಡಿದರೆ ಏರುತ್ತದೆ, ನಿಜ. ಸೇಬಿನಲ್ಲಿರುವ ಫ್ಲೇವನಾಯ್ಡ್‌ಗಳಿಂದಲೇ ಎಂದು ಎಲ್ಲರೂ ಅಂದುಕೊಂಡಿದ್ದರು. 2004ರಲ್ಲಿ ಒರೆಗಾನ್ ಸ್ಟೇಟ್ ವಿಶ್ವವಿದ್ಯಾಲಯದ ಲೊಟಿಟೊ ಮತ್ತು ಫ್ರೈ ಸ್ವಲ್ಪ ಮಂದಿಗೆ ಸುಮಾರು ಒಂದು ಕೆಜಿ ಸೇಬು ತಿನ್ನಿಸಿದರು. ಇನ್ನೊಂದು ದಿನ ಆ ಸೇಬಿನಲ್ಲಿರುವಷ್ಟೇ ಫ್ರಕ್ಟೋಸ್ ಸಕ್ಕರೆಯನ್ನು ನೀರಿಗೆ ಹಾಕಿ ಕುಡಿಸಿದರು. ಎರಡರಲ್ಲೂ ಅಂಕಿ ಏರಿತು. ಫ್ರಕ್ಟೋಸ್ ಲಿವರಿನಲ್ಲಿ ಅರಗುವಾಗ ಎಟಿಪಿ ಖರ್ಚಾಗಿ ಯೂರಿಕ್ ಆಸಿಡ್ ಹುಟ್ಟುತ್ತದೆ. ಟೆಸ್ಟ್ ಹಿಡಿದದ್ದು ಅದನ್ನು. ಸೇಬು ಒಳ್ಳೆಯ ಹಣ್ಣೇ, ಅದರಲ್ಲಿ ಅನುಮಾನವಿಲ್ಲ. ಆದರೆ ಇದೇ ಟೆಸ್ಟನ್ನು ನಂಬಿದರೆ ಸಕ್ಕರೆ ನೀರನ್ನೂ ಆಂಟಿಆಕ್ಸಿಡೆಂಟ್ ಪಾನೀಯ ಎಂದು ಕರೆಯಬೇಕಾಗುತ್ತದೆ. ತಿನಿಸುಗಳ ಆಂಟಿಆಕ್ಸಿಡೆಂಟ್ ಅಂಕಿಗಳ ಪಟ್ಟಿಯೊಂದನ್ನು ಅಮೆರಿಕದ ಕೃಷಿ ಇಲಾಖೆಯೇ ಇಟ್ಟುಕೊಂಡಿತ್ತು. ಆ ಅಂಕಿಗಳಿಗೂ ದೇಹದೊಳಗೆ ಆಗುವುದಕ್ಕೂ ಸಂಬಂಧ ಕಾಣದು, ಕಂಪನಿಗಳು ಅವನ್ನು ಜಾಹೀರಾತಿಗೆ ದುರುಪಯೋಗ ಮಾಡುತ್ತಿವೆ ಎಂದು 2012ರಲ್ಲಿ ತೆಗೆದುಹಾಕಿತು.

ಹಾಗಾದರೆ ಯೂರಿಕ್ ಆಸಿಡ್ ಏರಿಸಿ ನೋಡಿದರೆ? ಇಳಿಸಿ ನೋಡಿದರೆ? ಎರಡೂ ಆಗಿದೆ. ಪಾರ್ಕಿನ್ಸನ್ ಕಾಯಿಲೆ ಇರುವವರಲ್ಲಿ ಯೂರಿಕ್ ಆಸಿಡ್ ಹೆಚ್ಚಿದ್ದರೆ ಕಾಯಿಲೆ ನಿಧಾನ ಎಂಬ ಸೂಚನೆ ಸಿಕ್ಕಿತ್ತು. ದೇಹದೊಳಗೆ ಯೂರಿಕ್ ಆಸಿಡ್ ಆಗಿ ಬದಲಾಗುವ ಇನೋಸಿನ್ ಎಂಬ ವಸ್ತು ಕೊಟ್ಟು ಬೇಕೆಂದೇ ಏರಿಸಿದರು. 298 ಮಂದಿಯ ಮೇಲೆ ನಡೆದ ಆ ಪರೀಕ್ಷೆಯ ಫಲಿತಾಂಶ 2021ರಲ್ಲಿ ಬಂತು. ಕಾಯಿಲೆ ನಿಧಾನವಾಗಲಿಲ್ಲ, ಕಿಡ್ನಿ ಕಲ್ಲು ಮಾತ್ರ ಜಾಸ್ತಿಯಾಯಿತು. ಆ ಕಡೆ ಬ್ರಿಟನ್ನಿನಲ್ಲಿ ಹೃದಯದ ರಕ್ತನಾಳದ ಕಾಯಿಲೆ ಇದ್ದ, ಗೌಟ್ ಇಲ್ಲದ 5,700ಕ್ಕೂ ಹೆಚ್ಚು ಹಿರಿಯರನ್ನು ಎರಡು ಗುಂಪು ಮಾಡಿ, ಒಂದಕ್ಕೆ ಅಲೋಪ್ಯೂರಿನಾಲ್ ಕೊಟ್ಟು ಯೂರಿಕ್ ಆಸಿಡ್ ಇಳಿಸಿದರು. ಹಾರ್ಟ್ ಅಟ್ಯಾಕ್, ಸ್ಟ್ರೋಕ್ ಕಡಿಮೆಯಾಗಲಿಲ್ಲ ಎಂದು 2022ರಲ್ಲಿ ವರದಿ ಬಂತು. ಏರಿಸಿದರೂ ಇಲ್ಲ, ಇಳಿಸಿದರೂ ಇಲ್ಲ. ಗೌಟ್ ಇದ್ದವರ ಮಾತು ಬೇರೆ. ಅವರಿಗೆ ಅಲೋಪ್ಯೂರಿನಾಲ್ ದೊಡ್ಡ ಉಪಕಾರ ಮಾಡುತ್ತದೆ, ಡಾಕ್ಟರು ಹೇಳಿದ ಹಾಗೆ ತೆಗೆದುಕೊಳ್ಳಲೇಬೇಕು.

ಯೂರಿಕ್ ಆಸಿಡ್ ಟೆಸ್ಟ್ ಹೇಗೆ ನಡೆಯುತ್ತದೆ ಎಂದೂ ತಿಳಿದುಕೊಳ್ಳುವುದು ಒಳ್ಳೆಯದು. ನಾವು ಕಳೆದುಕೊಂಡ ಅದೇ ಯೂರಿಕೇಸ್ ಎನ್‌ಜೈಮ್ ಲ್ಯಾಬಿನ ರಿಯೇಜೆಂಟ್ ಬಾಟಲಿಯಲ್ಲಿದೆ. ಸೀರಂ ಸೇರಿಸಿದರೆ ಯೂರಿಕ್ ಆಸಿಡ್ ಅಲಂಟಾಯಿನ್ ಆಗುತ್ತದೆ, ಜೊತೆಗೆ ಹೈಡ್ರೋಜನ್ ಪೆರಾಕ್ಸೈಡ್ ಹುಟ್ಟುತ್ತದೆ. ಪೆರಾಕ್ಸೈಡ್ ಬಣ್ಣ ತರಿಸುತ್ತದೆ, ಯಂತ್ರ ಬಣ್ಣ ಅಳೆಯುತ್ತದೆ. ವಿಟಮಿನ್ ಸಿ ದೊಡ್ಡ ಡೋಸಿನಲ್ಲಿ ರಕ್ತದಲ್ಲಿದ್ದರೆ ಆ ಪೆರಾಕ್ಸೈಡನ್ನು ಅದೇ ನುಂಗಿ, ಯೂರಿಕ್ ಆಸಿಡ್ ಇರುವುದಕ್ಕಿಂತ ಕಡಿಮೆ ತೋರಿಸಬಹುದು. ಈ ಎನ್‌ಜೈಮನ್ನೇ ಔಷಧಿಯಾಗಿಯೂ ಕೊಡುತ್ತಾರೆ. ರಕ್ತದ ಕ್ಯಾನ್ಸರಿನ ಚಿಕಿತ್ಸೆ ಶುರುವಾದಾಗ ಜೀವಕೋಶಗಳು ರಾಶಿರಾಶಿಯಾಗಿ ಸತ್ತು ಯೂರಿಕ್ ಆಸಿಡ್ ಒಮ್ಮೆಗೇ ಏರುತ್ತದೆ. ಆಗ ರಾಸ್ಬುರಿಕೇಸ್ ಎಂಬ ಇಂಜೆಕ್ಷನ್ ಕೆಲವೇ ಗಂಟೆಗಳಲ್ಲಿ ಅದನ್ನು ಇಳಿಸುತ್ತದೆ. ಅಂಥ ರೋಗಿಯ ರಕ್ತದ ಟ್ಯೂಬನ್ನು ಐಸಿನಲ್ಲಿಟ್ಟೇ ಲ್ಯಾಬಿಗೆ ಒಯ್ಯಬೇಕು. ಇಲ್ಲದಿದ್ದರೆ ದಾರಿಯಲ್ಲೇ ಎನ್‌ಜೈಮ್ ಕೆಲಸ ಮುಂದುವರಿಸಿ ಸುಳ್ಳು ಅಂಕಿ ಬರುತ್ತದೆ. ಕೆಂಪು ರಕ್ತಕಣಗಳನ್ನು ಆಕ್ಸಿಡೇಶನ್ನಿನಿಂದ ಕಾಯುವ ಜಿ6ಪಿಡಿ ಎಂಬ ಎನ್‌ಜೈಮಿನ ಕೊರತೆ ಇರುವವರಿಗೆ ಈ ಇಂಜೆಕ್ಷನ್ ಕೊಡಲೇಬಾರದು. ಹುಟ್ಟುವ ಪೆರಾಕ್ಸೈಡ್ ಅವರ ಕೆಂಪು ರಕ್ತಕಣಗಳನ್ನು ಒಡೆದುಬಿಡುತ್ತದೆ. ಯೂರಿಕ್ ಆಸಿಡ್ ಆಕ್ಸಿಡೇಶನ್ ಎಂಬ ಒಂದೇ ಕ್ರಿಯೆ ಒಬ್ಬರ ಜೀವ ಉಳಿಸುತ್ತದೆ, ಇನ್ನೊಬ್ಬರ ಜೀವಕ್ಕೆ ಅಪಾಯ ತರುತ್ತದೆ.

ಚಿಕ್ಕಮ್ಮನ ವಿಷಯ ಹೇಳದೆ ಬಿಟ್ಟರೆ ಸರಿಯಲ್ಲ. ಅವರ ಮಾತ್ರೆಗಳನ್ನೆಲ್ಲ ಮೇಜಿನ ಮೇಲೆ ಹರಡಿ ನೋಡಿದೆವು. ಬಿಪಿ ಮಾತ್ರೆಯಲ್ಲಿ ಹೈಡ್ರೋಕ್ಲೋರೋಥಯಜೈಡ್ ಸೇರಿತ್ತು. ಮೂತ್ರ ಜಾಸ್ತಿ ಹೋಗುವಂತೆ ಮಾಡುವ ಈ ಔಷಧಿ ಯೂರಿಕ್ ಆಸಿಡ್ ಏರಿಸುತ್ತದೆ, ಇದು ಡಾಕ್ಟರುಗಳಿಗೆ ಚೆನ್ನಾಗಿ ಗೊತ್ತಿರುವ ವಿಷಯ. ಅವರನ್ನು ನೋಡುವ ಡಾಕ್ಟರಿಗೆ ತೋರಿಸಿದೆವು. "ಗೌಟ್ ಇಲ್ಲ, ಕಲ್ಲಿಲ್ಲ, ಇದಕ್ಕೆ ಔಷಧಿ ಬೇಡಮ್ಮ" ಎಂದು ಹೇಳಿ ಬಿಪಿ ಮಾತ್ರೆ ಬದಲಿಸಿದರು. ಬೇಳೆ ಬಿಡಬೇಕಾ ಎಂದು ಚಿಕ್ಕಮ್ಮ ಕೇಳಿದರು. ಅಮೆರಿಕದಲ್ಲಿ 47,000ಕ್ಕೂ ಹೆಚ್ಚು ಗಂಡಸರನ್ನು 12 ವರ್ಷ ಗಮನಿಸಿದ ಅಧ್ಯಯನ 2004ರಲ್ಲಿ ಬಂದಿದೆ. ಮಾಂಸ, ಮೀನು ಜಾಸ್ತಿ ತಿಂದವರಲ್ಲಿ ಗೌಟ್ ಹೆಚ್ಚಿತ್ತು. ಪ್ಯೂರಿನ್ ಹೆಚ್ಚಿರುವ ತರಕಾರಿ, ಕಾಳು ತಿಂದವರಲ್ಲಿ ಹೆಚ್ಚಿರಲಿಲ್ಲ. ಹಾಲು ಮೊಸರು ತಿಂದವರಲ್ಲಿ ಕಡಿಮೆಯೇ ಇತ್ತು. ಡಾಕ್ಟರೂ ಬೇಳೆ ಬಿಡಬೇಡಿ ಎಂದರು.

ಮೂರು ತಿಂಗಳು ಬಿಟ್ಟು ಮತ್ತೆ ರಕ್ತ ಕೊಡಬೇಕಿತ್ತು. ಅದಕ್ಕೆ ಮುಂಚೆ ಒಂದು ವಾರ ಆ ಕ್ಯಾಪ್ಸೂಲ್ ನಿಲ್ಲಿಸಿ ಎಂದೆ. ಡಬ್ಬಿಯ ಹಿಂದೆ ಓದಿದರೆ ಅದರಲ್ಲಿದ್ದದ್ದು ಬಹುಪಾಲು ವಿಟಮಿನ್ ಸಿ. ಈ ಸಲ 5.8 ಬಂತು. ಆಮೇಲೆ ಚಿಕ್ಕಮ್ಮ ಕ್ಯಾಪ್ಸೂಲ್ ಮತ್ತೆ ಶುರು ಮಾಡಲಿಲ್ಲ, ಮಧ್ಯಾಹ್ನದ ತೊವ್ವೆ ಶುರು ಮಾಡಿದರು.